ಬಾಗಿಲ ಮೇಲೆ ಕಟ್ಟಿದ ಶಿರಸಿ

ಆಗ ಶಿರಸಿಯಲ್ಲಿ ರೈಲು ನೋಡಿದವರು ಕಡಿಮೆ, ರೈಲಿನ ಮಾತಾಡದವರು ಅದಕ್ಕಿಂತ ಕಡಿಮೆ. ಚುನಾವಣೆ ಬಂದಾಗ ರೈಲೂ ಬರುತ್ತಿತ್ತು, ಚುನಾವಣೆ ಮುಗಿದ ಮೇಲೆ ಅದೂ ಮುಗಿಯುತ್ತಿತ್ತು. ಎಕ್ಕಂಬಿಯ ಹತ್ತಿರ ಯಾರೋ ಮೂರು ಕಾಲಿನ ದುರ್ಬೀನು ನಿಲ್ಲಿಸಿಕೊಂಡು ನೋಡುತ್ತಿದ್ದರಂತೆ ಎಂಬ ಸುದ್ದಿ ಬೆಳಗಿನ ಬಸ್ಸಿಗೆ ಬಂದರೆ, ಮಧ್ಯಾಹ್ನದ ಊಟದ ಹೊತ್ತಿಗೆ ಅದು ಸರ್ವೆಯಾಗಿ, ಸಂಜೆಯ ಚಹಾಕ್ಕೆ ಹಳಿಯಾಗಿ, ಕೊನೆಗೆ ಕಿಟಕಿ ಪಕ್ಕದ ಸೀಟು ಯಾರಿಗೆ ಎಂಬ ಜಗಳವಾಗುತ್ತಿತ್ತು. ದುರ್ಬೀನಿನವರು ರಸ್ತೆ ಅಗಲ ಮಾಡಲು ಬಂದವರೋ, ಕಾಡಿನ ಗಡಿ ಗುರುತು ಹಾಕಲು ಬಂದವರೋ ಎಂದು ಕೇಳುವ ಅರಸಿಕರು ನಮ್ಮೂರಿನಲ್ಲಿ ಇರಲಿಲ್ಲ.

ಬಸ್ ಸ್ಟ್ಯಾಂಡಿನ ಎದುರಿಗೆ ನಮ್ಮದೊಂದು ರೊಟ್ಟಿ ಖಾನಾವಳಿ ಇತ್ತು. ನಮ್ಮದು ಅಂದರೆ ಅವ್ವನದು. ಬೋರ್ಡಿನ ಮೇಲೆ ಅಪ್ಪನ ಹೆಸರು, ಗಲ್ಲಾದ ಹಿಂದೆ ಅಪ್ಪನ ಮೈ. ಆದರೆ ಜನ ಬರುತ್ತಿದ್ದದ್ದು ಅವ್ವನ ರೊಟ್ಟಿಗೆ. ಬನವಾಸಿ ಕಡೆಯ ನಮ್ಮ ಮಂದಿ ಶಿರಸಿಗೆ ಬಂದು ಜೋಳದ ರೊಟ್ಟಿ ಬಡಿಯಲು ಕೂತಾಗ, ಅನ್ನ ಉಣ್ಣುವ ಊರಿನಲ್ಲಿ ಇದನ್ನು ಯಾರು ತಿನ್ನುತ್ತಾರೆ ಎಂದು ನಕ್ಕವರಿದ್ದರಂತೆ. ಅವ್ವ ಒಲೆಯನ್ನು ಒಳಗೆ ಬಚ್ಚಿಡಲಿಲ್ಲ. ಮೇಜುಗಳ ಎದುರಿಗೇ ಹಾಕಿದಳು. ಹಂಚಿನ ಮೇಲೆ ರೊಟ್ಟಿ ಉಬ್ಬುವುದು ಉಣ್ಣುವವರಿಗೆ ಕಾಣಬೇಕು, ಉಣ್ಣುವವರ ಬಾಯಿ ಅವಳಿಗೆ ಕಾಣಬೇಕು. ಯಾರ ಕೈ ಚಟ್ನಿಯ ಹತ್ತಿರ ನಿಧಾನವಾಯಿತು, ಯಾರು ಎಣ್ಣೆಗಾಯಿಯ ತೊಟ್ಟು ಚೀಪುತ್ತ ಇನ್ನೊಂದು ಕೇಳಲು ನಾಚಿದರು ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಕೇಳುವ ಮೊದಲೇ ಬಿಸಿ ರೊಟ್ಟಿ ಬಂದು ತಟ್ಟೆಗೆ ಬೀಳುತ್ತಿತ್ತು. ಬಿಟ್ಟು ಎದ್ದವರಿಗೆ ಮರ್ಯಾದೆ ಇರಲಿಲ್ಲ.

"ಏ ತಮ್ಮಾ, ಅರ್ಧಾ ರೊಟ್ಟಿ ಬಿಟ್ಟು ಎದ್ದಿ ಅಂದ್ರ ನಾಳೆ ಈ ಕಡೆ ಮಾರಿ ತೋರಸಬ್ಯಾಡ" ಎಂದು ಒಬ್ಬ ಕಂಡಕ್ಟರಿಗೆ ಗದರುತ್ತಿದ್ದಳು. "ಜೋಳ ಏನ್ ನಿಮ್ಮ ಡಿಪೋದಾಗ ಬೆಳೀತೈತೇನು?"

"ಹೊಟ್ಟಿ ತುಂಬೇತಿ ಅವ್ವಾ."

"ಸುಳ್ಳು ಹೇಳಬ್ಯಾಡ. ಹೆಂಡತಿ ಕೂಡ ಜಗಳಾಡಿ ಬಂದೀಯ. ಕುಂದ್ರು."

ಆತ ಕೂರುತ್ತಿದ್ದ, ತಿನ್ನುತ್ತಿದ್ದ. ಎರಡನೆಯ ರೊಟ್ಟಿಗೆ ಜಗಳದ ಕಾರಣವೂ ಹೊರಗೆ ಬರುತ್ತಿತ್ತು.

ಆ ಖಾನಾವಳಿ ಅಲ್ಲಿಂದ ಎದ್ದುಹೋದದ್ದು ಹೇಗೆ ಎಂದು ಹೇಳಲು ಹೊರಟಿದ್ದೇನೆ. ಬೆಂಕಿ ಬಿದ್ದು ಅಲ್ಲ, ನೆರೆ ಬಂದು ಅಲ್ಲ. ಒಂದು ಆಟದ ರೈಲಿನಿಂದ.

ಇಷ್ಟು ವರ್ಷದ ಮೇಲೆ ಇದು ಯಾಕೆ ನೆನಪಾಯಿತೆಂದರೆ, ಸಿದ್ದಾಪುರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ತಿಂಗಳಿಂದ ಒಂದು ವಿಮಾನ ತಯಾರಾಗುತ್ತಿದೆ. ನಮ್ಮ ಯಜಮಾನರಿಗೆ ಡಾಕ್ಟರು ಬಿ.ಪಿ. ಮಾತ್ರೆಯ ಜೊತೆಗೆ "ಏನಾದರೂ ಹವ್ಯಾಸ ಇಟ್ಟುಕೊಳ್ಳಿ" ಎಂದೂ ಹೇಳಿದರು. ತೋಟಗಾರಿಕೆ, ಭಜನೆ, ಬೆಳಗಿನ ವಾಕಿಂಗು ಎಲ್ಲ ಬಿಟ್ಟು ಇವರು ಆರಿಸಿಕೊಂಡದ್ದು ಪೆಟ್ಟಿಗೆಯಲ್ಲಿ ಬರುವ ವಿಮಾನ. ಅದರ ಚೂರುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿಯುತ್ತಾರೆ. ಅಂಗೈಯಷ್ಟು ವಿಮಾನದೊಳಗಿನ ಬೆರಳುಗುರಿನಷ್ಟು ಸೀಟಿಗೆ ಬೆಲ್ಟು ಹಚ್ಚುವ ಈ ಮನುಷ್ಯನ ಅಂಗಿಯ ಗುಂಡಿ ಮಾತ್ರ ನಾನೇ ಹಚ್ಚಬೇಕು. ಫೋನಿನಲ್ಲಿ ಇಂಥವರದೇ ಒಂದು ಗುಂಪಿದೆ. ಒಬ್ಬ ರೆಕ್ಕೆಯ ಫೋಟೋ ಹಾಕುತ್ತಾನೆ, ಉಳಿದವರು ಹೆಬ್ಬೆರಳು ಎತ್ತುತ್ತಾರೆ. ಎಲ್ಲರೂ ಮೊಮ್ಮಕ್ಕಳನ್ನು ಎತ್ತುವ ವಯಸ್ಸಿನವರು. ಒಬ್ಬರ ಮನೆಯಲ್ಲಿಯೂ ಸೋರುವ ನಲ್ಲಿ ರಿಪೇರಿಯಾಗಿರಲಿಕ್ಕಿಲ್ಲ ಎಂದು ನಾನು ಬರೆದುಕೊಡುತ್ತೇನೆ.

"ಇದರಾಗ ಏನ್ ಸುಖ ಐತಿ?" ಎಂದು ನಾನು ಇವರನ್ನು ಕೇಳುವುದಿಲ್ಲ. ಕೇಳಿದರೆ ಹೇಳುತ್ತಾರೆ, ಅದು ಇನ್ನೂ ಉದ್ದ. ಅದೂ ಅಲ್ಲದೆ ಉತ್ತರ ನನಗೆ ಆ ಆಟದ ರೈಲಿನ ಬೇಸಿಗೆಯಲ್ಲೇ ಗೊತ್ತಾಗಿದೆ.

ನಮ್ಮ ಚನ್ನಬಸು ಕಾಕಾ ಅಪ್ಪನ ತಮ್ಮ. ಕಾಲೇಜು ಮುಗಿಸಿ, ಟೈಪಿಂಗ್ ಪಾಸು ಮಾಡಿ, ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತು ನೌಕರಿ ತನ್ನನ್ನು ಹುಡುಕಿಕೊಂಡು ಬರುವುದನ್ನು ಕಾಯುತ್ತಿದ್ದ. ಆ ವರ್ಷ ಯುಗಾದಿ ಕಳೆದ ಮೇಲೆ ಹುಬ್ಬಳ್ಳಿಗೆ ಇಂಟರ್‌ವ್ಯೂಗೆಂದು ಹೋದ. ಇಡೀ ಮನೆ ಬಾಗಿಲಿಗೆ ಬಂದು ಕಳಿಸಿಕೊಟ್ಟಿತು, ಅವ್ವ ಎಳ್ಳು ಹಚ್ಚಿದ ರೊಟ್ಟಿ ಕಟ್ಟಿಕೊಟ್ಟಳು. ಮರುದಿನ ಕಾಕಾ ಮುಖದ ತುಂಬ ಬೆಳಕಿಟ್ಟುಕೊಂಡು ಬಂದಿಳಿದ.

"ಆತೇನೋ?" ಅಂದಳು ಅವ್ವ.

"ಆತು ಅತ್ತಿಗಿ. ಎಷ್ಟ್ ಚಂದ ಐತಿ ಅಂತಿ! ಪ್ಲಾಟ್‌ಫಾರ್ಮು ಉದ್ದಕ್ಕ ಹಿಂಗ ಹೋಗೇ ಬಿಡತೈತಿ."

ಇಂಟರ್‌ವ್ಯೂ ಆದ ಕಟ್ಟಡದೊಳಗೆ ಕಾಕಾ ಹೋಗಿಯೇ ಇರಲಿಲ್ಲ. ಬಸ್ಸಿಳಿದು ನೇರ ರೈಲ್ವೆ ಸ್ಟೇಷನ್ನಿಗೆ ಹೋಗಿ, ಎಳ್ಳು ರೊಟ್ಟಿ ತಿನ್ನುತ್ತ ಸಂಜೆಯವರೆಗೆ ಬೆಂಚಿನ ಮೇಲೆ ಕೂತಿದ್ದ. ಯಾರೂ ನೋಡದಾಗ ಪ್ಲಾಟ್‌ಫಾರ್ಮನ್ನು ಕೈ ಚಾಚಿ ಅಳೆದಿದ್ದನಂತೆ. ಅವ್ವ ರೊಟ್ಟಿ ಕಟ್ಟಿಕೊಟ್ಟ ಬಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಂಡು ಒಲೆಯ ಕಡೆ ಹೋದಳು.

ಆ ವಾರವೇ ಯಲ್ಲಾಪುರದ ಕಟ್ಟಿಗೆ ಅಡ್ಡೆಯಿಂದ ಬಂದ ಲಾರಿಯವನು ಒಂದು ಹಳೆ ಬಾಗಿಲನ್ನು ನಮ್ಮಲ್ಲಿ ಇಳಿಸಿ ಹೋದ. ಯಾವುದೋ ಕೆಡವಿದ ಮನೆಯದು, ಒಂದೇ ಹಲಗೆಯ ಸಾಗವಾನಿ ಬಾಗಿಲು. ಒಲೆಗೆ ಆಗುತ್ತದೆ ಎಂದು ಅವ್ವ ಅಂದುಕೊಂಡಿದ್ದಳು. ಕಾಕಾ ಅದನ್ನು ಮೂಲೆಯ ಎರಡು ಮೇಜುಗಳ ಮೇಲೆ ಅಡ್ಡ ಮಲಗಿಸಿದ. ಅದರ ಮೇಲೆ ಶಿರಸಿ ಕಟ್ಟುತ್ತೇನೆ ಅಂದ. ಇರುವ ಶಿರಸಿಯಲ್ಲ, ರೈಲು ಬಂದ ಶಿರಸಿ.

"ಅಲ್ಲೆ ಊಟಕ್ಕ ಕುಂದ್ರೋ ಮಂದಿ ಎಲ್ಲಿಗಿ ಹೋಗಬೇಕು?"

"ರೈಲು ಬರೂ ತನಕ ಸ್ವಲ್ಪ ಸರಕೊಂಡು ಕುಂದ್ರಲಿ ಬಿಡು ಅತ್ತಿಗಿ."

ಅಳತೆಗೆ ಕಾಕಾ ಒಂದು ನಿಯಮ ಮಾಡಿಕೊಂಡ: ಒಂದು ಮಾರಿಗೆ ಒಂದು ಇಂಚು. ಮಾರು ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ. ನಮ್ಮ ಕಡೆ ಹಗ್ಗವನ್ನೂ ಬಾವಿಯನ್ನೂ ಹಾಗೇ ಅಳೆಯುತ್ತಿದ್ದರು. ಕಾಕಾ ಬೆಳಿಗ್ಗೆ ಎದ್ದು ಬಸ್ ಸ್ಟ್ಯಾಂಡಿನ ಗೋಡೆಗೆ ಎದೆಯೊತ್ತಿ ನಿಂತು, ಶಿಲುಬೆಗೆ ಹಾಕಿದವರ ಹಾಗೆ ಕೈ ಚಾಚಿ ಚಾಚಿ ಸರಿಯುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಎಣಿಸಬೇಕು. ಪ್ರಯಾಣಿಕರು ಯಾರಿಗೋ ಹುಷಾರಿಲ್ಲವೆಂದು ದೂರ ಸರಿಯುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಜೊತೆಗೆ ಎಣಿಕೆ ತಪ್ಪಿದರೆ ಬಸ್ ಸ್ಟ್ಯಾಂಡು ಗಿಡ್ಡವಾಗುತ್ತದೆ ಎಂಬ ದಿಗಿಲು. ಈಗ ಯಜಮಾನರ ಪೆಟ್ಟಿಗೆಯ ಮೇಲೆ ಎಪ್ಪತ್ತೆರಡರಲ್ಲಿ ಒಂದು ಎಂದು ಬರೆದಿರುತ್ತದೆ. ಮಾರು ಅಂದರೆ ಆರಡಿ, ಆರಡಿ ಅಂದರೆ ಎಪ್ಪತ್ತೆರಡು ಇಂಚು. ವಿದೇಶದ ಕಂಪನಿಗಳ ಸೂಟು ತೊಟ್ಟ ಜನ ಮತ್ತು ನೌಕರಿ ಸಿಗದ ನಮ್ಮ ಕಾಕಾ, ಇಬ್ಬರೂ ಕೈ ಚಾಚಿಯೇ ಅಲ್ಲಿಗೆ ಮುಟ್ಟಿದ್ದಾರೆ. ಹುಚ್ಚು ಒಂದೇ ಆದರೆ ಅಳತೆಯೂ ಒಂದೇ ಬರುತ್ತದೆ ಅಂತ ಕಾಣುತ್ತದೆ.

ಹಳಿಗೆ ಕೊಡೆಯ ಕಡ್ಡಿ. ನಮ್ಮೂರಿನಲ್ಲಿ ಮುರಿದ ಕೊಡೆಗೆ ಬರವಿಲ್ಲವಷ್ಟೆ. ಕೊಡೆ ರಿಪೇರಿಯವನ ಹತ್ತಿರ ರಾಶಿ ಬಿದ್ದಿತ್ತು. ಬೋಗಿಗೆ ಕಡ್ಡಿಪೆಟ್ಟಿಗೆ, ಎಂಜಿನ್ನಿಗೆ ಪೌಡರ್ ಡಬ್ಬಿ. ಹುಲ್ಲಿಗೆ ಗರಗಸದ ಮಿಲ್ಲಿನಿಂದ ತಂದ ಹೊಟ್ಟನ್ನು ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸುವುದು, ಮರಕ್ಕೆ ಒಣಗಿದ ಹೀರೆಕಾಯಿಯ ನಾರು. ಅಂಟು ಮಾತ್ರ ಅವ್ವನ ಒಲೆಯ ಮೇಲೇ ಕುದಿಯಬೇಕು. ಮೈದಾ ಹಿಟ್ಟಿನ ಅಂಟಿಗೆ ಕಾಕಾ ಮೈಲುತುತ್ತ ಹಾಕುತ್ತಿದ್ದ, ಹುಳ ಹಿಡಿಯಬಾರದೆಂದು. ಆ ಅಂಟಿನ ವಾಸನೆ, ಸುಡುವ ಜೋಳದ ವಾಸನೆ, ಒಗ್ಗರಣೆಯ ಬೆಳ್ಳುಳ್ಳಿ ಮೂರೂ ಸೇರಿದ ಒಂದು ಗಾಳಿ ಇತ್ತು. ಈಗಲೂ ಎಲ್ಲಾದರೂ ಅದರ ಒಂದು ಎಳೆ ಮೂಗಿಗೆ ಬಂದರೆ ನನ್ನ ಬೆರಳ ತುದಿ ಅಂಟಂಟಾಗುತ್ತದೆ.

"ಗಿರಿಜೀ, ಬಾರs ಕುಂಟಾಬಿಲ್ಲಿ ಆಡೂಣು" ಎಂದು ಗೆಳತಿಯರು ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ನನ್ನ ಬೆರಳು ಸಣ್ಣವು. ಕಿಟಕಿ ಹಚ್ಚುವುದು, ಬೇಲಿ ನೆಡುವುದು ನನ್ನ ಇಲಾಖೆಯಾಗಿತ್ತು.

ನಾನು ಹುಟ್ಟಾ ಹೆದರುಪುಕ್ಕಿ. ಚಿಂತೆ ಮಾಡುವುದು ನಮ್ಮ ಅಪ್ಪನ ಕಡೆಯ ಆಸ್ತಿ, ಹಂಚಿದಷ್ಟೂ ಹೆಚ್ಚಾಗುತ್ತದೆ. ಶಾಲೆಯ ಫಲಿತಾಂಶ, ಅವ್ವನ ಕೆಮ್ಮು, ಬಾವಿಯ ನೀರು, ಸತ್ತ ಮೇಲೆ ಎಲ್ಲಿಗೆ ಹೋಗುತ್ತೇವೆ, ಎಲ್ಲವೂ ನನಗೆ ಹತ್ತನೆಯ ವಯಸ್ಸಿಗೇ ಬೇಕಿತ್ತು. ಆದರೆ ಉಸಿರು ಬಿಗಿಹಿಡಿದು ಕಡ್ಡಿಯ ತುಂಡನ್ನು ಅಂಟಿನ ಹನಿಗೆ ತಾಗಿಸುವಾಗ ಒಂದೂ ಇರುತ್ತಿರಲಿಲ್ಲ. ಜಗತ್ತಿನಲ್ಲಿ ಒಂದೇ ಒಂದು ಕಷ್ಟ, ಈ ಕಡ್ಡಿ ಓರೆಯಾಗಬಾರದು. ಓರೆಯಾದರೆ ಕಿತ್ತು ಮತ್ತೆ ಹಚ್ಚಬಹುದು. ದೊಡ್ಡ ಶಿರಸಿಯಲ್ಲಿ ಯಾವುದನ್ನು ಕಿತ್ತು ಮತ್ತೆ ಹಚ್ಚಲು ಬರುತ್ತಿತ್ತು? ಯಾರ ಮಾತನ್ನು, ಯಾರ ಸಿಟ್ಟನ್ನು? ಬಾಗಿಲ ಮೇಲಿನ ಶಿರಸಿಯಲ್ಲಿ ನಾವು ಮೇಲಿಂದ ನೋಡುತ್ತಿದ್ದೆವು, ಊರು ಕೆಳಗೆ ಬಿದ್ದುಕೊಂಡು ನಮ್ಮ ಮಾತು ಕೇಳುತ್ತಿತ್ತು. ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಬ್ಬ ಗಂಡಸಿಗೂ ಒಬ್ಬ ಹುಡುಗಿಗೂ ಇದಕ್ಕಿಂತ ಅಗ್ಗದ ರಾಜ್ಯ ಎಲ್ಲಿ ಸಿಗಬೇಕು? ಇಷ್ಟೇ ಇದರ ಗುಟ್ಟು. ತಾಳ್ಮೆ, ಏಕಾಗ್ರತೆ, ಕಲೆ ಎಂದು ಆ ಫೋನಿನ ಗುಂಪಿನವರು ಏನೇನೋ ಬರೆದುಕೊಳ್ಳುತ್ತಾರೆ, ಬರೆದುಕೊಳ್ಳಲಿ.

ಮೇ ತಿಂಗಳು ಅರ್ಧವಾಗುವ ಹೊತ್ತಿಗೆ ಬಸ್ ಸ್ಟ್ಯಾಂಡು, ಪೇಟೆ ಬೀದಿ, ನಮ್ಮ ಖಾನಾವಳಿ, ಅದರ ಪಕ್ಕದ ಶೇಟರ ಬಟ್ಟೆ ಅಂಗಡಿ ಎಲ್ಲ ಎದ್ದುನಿಂತವು. ಊರ ಹೊರಗೆ ಬೋಳುಗುಡ್ಡ ಎಂಬ ಒಂದು ದಿಬ್ಬವಿತ್ತು, ದನ ಮೇಯುವ ಜಾಗ. ಕಾಕಾ ರೈಲ್ವೆ ಸ್ಟೇಷನ್ನನ್ನು ಅದರ ನೆತ್ತಿಯ ಮೇಲೆ ಇಟ್ಟ. ಅದರೊಳಗೆ ಟಾರ್ಚಿನ ಬಲ್ಬು ಹಾಕಿದ. ಮೇಜಿನ ಕೆಳಗೆ ಸೆಲ್ಲಿಗೆ ವಾಯರು ಮುಟ್ಟಿಸಿದರೆ ಸ್ಟೇಷನ್ನಿನ ಕಿಟಕಿಗಳು ಹಳದಿಯಾಗಿ ಬೆಳಗುತ್ತಿದ್ದವು.

ಬಲ್ಬು ಹೊತ್ತಿದ ದಿನದಿಂದ ಊರು ಕೆಟ್ಟಿತು. ಉಣ್ಣಲು ಬಂದವರು ಕೈ ತೊಳೆದು ಮೂಲೆಗೆ ಹೋಗಿ ನಿಲ್ಲತೊಡಗಿದರು. ತಮ್ಮ ತಮ್ಮ ಮನೆ ಗುರುತಿಸಿ, "ಅಯ್ಯ, ನಮ್ಮ ಸಂಡಾಸದ ಹಂಚು ಒಡೆದದ್ದೂ ಐತಲ್ಲೋ!" ಎಂದು ಬೆರಗಾದರು. ಇದ್ದದ್ದನ್ನೆಲ್ಲ ಕಾಕಾ ಇದ್ದ ಹಾಗೆಯೇ ಮಾಡಿದ್ದ. ಹಾಗಾಗಿ ಇಲ್ಲದ್ದೂ ಇದ್ದ ಹಾಗಾಯಿತು. ಬಸ್ ಸ್ಟ್ಯಾಂಡು ಖರೆ ಇದ್ದ ಮೇಲೆ ಅದರಾಚೆಯ ಸ್ಟೇಷನ್ನು ಹೇಗೆ ಸುಳ್ಳಾದೀತು? "ಚನ್ನಬಸಪ್ಪ ಹುಬ್ಬಳ್ಳಿಗೆ ಹೋಗಿ ಬಂದಾನಂತ, ಒಳಗಿನ ಸುದ್ದಿ ಇಲ್ಲದ ಮಾಡತಾನೇನು?" ಎಂದು ಒಬ್ಬರು ಅಂದರು. ಸಾಕಲ್ಲ.

ಮೊದಲು ಬಂದವರು ಪಕ್ಕದ ಅಂಗಡಿಯ ಶೇಟರು. "ಹೋಯ್ ಚನ್ನಬಸಪ್ಪ, ನಮ್ಮ ಅಂಗಡಿ ಸ್ವಲ್ಪ ಸ್ಟೇಷನ್ ಬದಿಗೆ ತಗೊಳ್ಳಿ ಮಾರಾಯ್ರೆ. ಅಲ್ಲಿ ಎದುರಿಗೆ ಜಾಗ ಖಾಲಿ ಉಂಟಲ್ಲ" ಎಂದು ಕಾಕಾನ ಭುಜದ ಮೇಲೆ ಕೈಯಿಟ್ಟರು. ಅವರ ಅಂಗಡಿಯಲ್ಲಿ ಕಾಕಾ ಅಂಗಿ ಬಟ್ಟೆ ಕೇಳಿದರೆ ಥಾನು ಕೆಳಗಿಳಿಸದ ಮನುಷ್ಯ!

ಸೋಂದಾದಿಂದ ಪೇಟೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಮಜ್ಜಿಗೆ ಮಾತ್ರ ಕುಡಿಯುತ್ತಿದ್ದ ಹೆಗಡೆಯವರೊಬ್ಬರು ಈಗ ಒಳಗೇ ಬಂದರು. ಬಾಗಿಲ ಹಲಗೆಯ ಸುತ್ತ ಎರಡು ಸಲ ಪ್ರದಕ್ಷಿಣೆ ಹಾಕಿದರು.

"ಎಂತ ಮಾರಾಯ, ಸೋಂದಾ ಎಲ್ಲಿ?"

"ಸೋಂದಾ ಹಲಗಿ ಆಚೆ ಆತ್ರೀ ಹೆಗಡೇರ. ಹಲಗಿ ಅಲ್ಲಿಗೇ ಮುಗೀತು."

"ಮುಗೀತು ಅಂದ್ರೆ ಎಂತ? ಮೂರು ಮಠ ಇರುವ ಊರು. ಒಂದು ಚೂರು ಹಲಗೆ ಜೋಡಿಸು. ಒಂದು ಸ್ಟಾಪ್ ಹಾಕಿದ್ರೆ ನಿನ್ನ ಗಂಟೆಂತ ಹೋಗ್ತದೆ?"

ಕಾಕಾ ತಲೆಯಾಡಿಸಿ, "ವಿಚಾರ ಮಾಡೂಣ" ಎಂದ. ಆ 'ವಿಚಾರ ಮಾಡೂಣ' ಎನ್ನುವಾಗಿನ ಅವನ ಕುತ್ತಿಗೆಯನ್ನು ನೀವು ನೋಡಬೇಕಿತ್ತು. ಮಂತ್ರಿಗಳಿಗೆ ಹಾರ ಹಾಕುವಾಗ ಬಾಗುವಷ್ಟೇ ಬಾಗಿತ್ತು. ಶೇಟರ ಅಂಗಡಿಯನ್ನು ಅವನು ನಿಜವಾಗಿಯೂ ಕಿತ್ತು ಸ್ಟೇಷನ್ ಎದುರಿಗೆ ಹಚ್ಚಿದ. ಅಂಟು ಹಚ್ಚಿದವಳು ನಾನು. ಶೇಟರು ಮಕ್ಕಳನ್ನು ಕರೆತಂದು ತೋರಿಸಿದರು.

ಇದನ್ನೆಲ್ಲ ಗಲ್ಲಾದ ಹಿಂದೆ ಕೂತು ಅಪ್ಪ ನೋಡುತ್ತಿದ್ದ. ಅಪ್ಪನಿಗೆ ನಿದ್ದೆ ಹಾರಿತು. ಊರವರೆಲ್ಲ ಸ್ಟೇಷನ್ನಿನ ಸುತ್ತ ಜಾಗ ಹಿಡಿಯುತ್ತಿದ್ದಾರೆ, ನಾವು ಮಾತ್ರ ಬಸ್ಸು ನೋಡುತ್ತ ಕೂತಿದ್ದೇವೆ! ರೈಲು ಬಂದ ಮೇಲೆ ಬಸ್ಸಿಗೆ ಯಾವ ಹುಚ್ಚ ಹತ್ತುತ್ತಾನೆ? ಬಸ್ಸೇ ಇಲ್ಲದ ಮೇಲೆ ಬಸ್ ಸ್ಟ್ಯಾಂಡಿನ ಎದುರಿನ ರೊಟ್ಟಿಯನ್ನು ಯಾರು ತಿನ್ನುತ್ತಾರೆ? ತರ್ಕದಲ್ಲಿ ತಪ್ಪೇ ಇರಲಿಲ್ಲ, ನಾನೂ ಈಗ ಹಾಗೆಯೇ ಯೋಚಿಸುತ್ತೇನೆ. ಯಜಮಾನರು ಫೋನು ಎತ್ತದಿದ್ದರೆ ಅಪಘಾತ, ಅಪಘಾತವಾದರೆ ಹುಬ್ಬಳ್ಳಿ ಆಸ್ಪತ್ರೆ, ಹುಬ್ಬಳ್ಳಿಗೆ ಹೋಗುವಾಗ ಉಟ್ಟುಕೊಳ್ಳಲು ಯಾವ ಸೀರೆ, ಅಲ್ಲಿಯವರೆಗೆ ಒಂದೇ ಉಸಿರಿಗೆ ಮುಟ್ಟುತ್ತೇನೆ.

ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಅಪ್ಪ ಹೊರಗಿನಿಂದ ಬಂದು ನೀರು ಕುಡಿದು ಹೇಳಿದ:

"ಮಾಲಕಗ ಹೇಳಿ ಬಂದೆ. ಈ ಜಾಗ ಬಿಡತೀವಿ ಅಂತ. ಬೋಳುಗುಡ್ಡದ ಮ್ಯಾಲೆ ಒಂದು ಶೆಡ್ ಮಾತಾಡೇನಿ."

ಅವ್ವ ಹಂಚು ಒರೆಸುತ್ತಿದ್ದಳು. ಕೈ ನಿಂತಿತು.

"ಅಲ್ಲೆ ಯಾರಿಗಿ ಉಣ್ಣಾಕ ನೀಡಲಿ? ನರಿಗಳಿಗೇನು?"

"ಸ್ಟೇಷನ್ ಬರತೈತಿ."

"ಯಾರಂದ್ರು?"

ಅಪ್ಪ ಮೂಲೆಯ ಬಾಗಿಲ ಕಡೆ ಕೈ ಮಾಡಿದ. ಅವ್ವ ಕಾಕಾನ ಕಡೆ ತಿರುಗಿದಳು. ಅವನು ಬೋಗಿಗೆ ಕೆಂಪು ಬಳಿಯುತ್ತ ಕೂತಿದ್ದ.

"ಚನ್ನಬಸೂ, ಖರೆ ಹೇಳು. ಸ್ಟೇಷನ್ ಆ ಗುಡ್ಡದ ಮ್ಯಾಲೇ ಬರತೈತಿ ಅಂತ ನಿನಗ ಯಾರ್ ಹೇಳ್ಯಾರ?"

"ಯಾರೂ ಹೇಳಿಲ್ಲ ಅತ್ತಿಗಿ." ಕಾಕಾ ಬಣ್ಣದ ಕಡ್ಡಿ ಮೇಲೆತ್ತಿಯೇ ಹೇಳಿದ. "ಬಾಗಲಕ್ಕ ಅಲ್ಲೆ ಕೀಲಿ ಕಿಂಡಿ ಇತ್ತು. ಬಲ್ಬಿನ ವಾಯರ್ ಕೆಳಗ ಇಳಸಾಕ ಕಿಂಡಿ ಬೇಕಿತ್ತು. ಅದಕ್ಕ ಸ್ಟೇಷನ್ ಅಲ್ಲೇ ಇಟ್ಟೆ. ಬ್ಯಾರೆ ಕಡೆ ತೂತು ಕೊರಿಯಾಕ ಸಾಗವಾನಿ ಭಾಳ ಗಟ್ಟಿ."

ಅವ್ವ ನಗತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಒಲೆಯ ಕಟ್ಟೆ ಹಿಡಿದುಕೊಂಡು ನಕ್ಕಳು. "ಕೇಳಿದ್ರೇನು? ಕೀಲಿ ಕಿಂಡಿ ಅಂತ! ಹೋಗ್ರಿ, ಮಾಲಕಗ ಹೇಳಿ ಬರ್ರಿ, ಹುಡುಗಾಟಕ್ಕ ಅಂದಿದ್ದೆ ಅಂತ."

ಅಪ್ಪ ಎದ್ದು ಹೋಗಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಮೇಜಿನ ಹತ್ತಿರ ಹೋಗಿ ಬಗ್ಗಿ, ಬಾಗಿಲಿನ ಅಡಿಯಿಂದ ಆ ಕಿಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಎದ್ದಾಗ ಅವನ ಮುಖದಲ್ಲಿದ್ದ ಸಂಶಯವೆಲ್ಲ ಹೋಗಿತ್ತು.

"ನಗಬ್ಯಾಡ. ಕೀಲಿ ಅಂದ್ರ ಏನು? ಕೀಲಿ ಇದ್ದಲ್ಲೇ ಲಕ್ಷ್ಮಿ ಇರತಾಳ. ಅಷ್ಟ್ ದೊಡ್ಡ ಬಾಗಲದಾಗ ಅದs ಜಾಗಾ ಬರಬೇಕಂದ್ರ ಸುಮ್ಮನ ಬರತೈತೇನು?"

ಕಾಕಾ ಬಣ್ಣದ ಕಡ್ಡಿ ಕೆಳಗಿಟ್ಟು ಅಣ್ಣನನ್ನು ಗೌರವದಿಂದ ನೋಡಿದ. ಅದುವರೆಗೆ ಅವನಿಗೂ ಇದು ಹೊಳೆದಿರಲಿಲ್ಲ.

ಮೋಸ ಹೋದವರನ್ನು ಕಂಡರೆ ಮರುಕ ಬರಬೇಕು. ಇಲ್ಲಿ ಮೋಸ ಮಾಡಿದವರೇ ಇಲ್ಲ. ಕಾಕಾ ನಿಜವನ್ನೇ ಹೇಳಿದ್ದ. ನಿಜ ಕೇಳಿದ ಮೇಲೂ ಬಾಗಿಲನ್ನೇ ನಂಬಿದ ಬುದ್ಧಿಗೆ ಏನೆನ್ನುವುದೋ ನನಗೆ ಈವರೆಗೂ ತಿಳಿದಿಲ್ಲ. ಅದು ನನ್ನ ರಕ್ತದಲ್ಲೂ ಇದೆ ಎಂಬುದಷ್ಟೇ ಗೊತ್ತು.

ಮಳೆಗೆ ಮುಂಚೆ ಸಾಮಾನು ಎತ್ತಿದರು. ಮಾಲಕ ಎಷ್ಟೋ ದಿನದಿಂದ ಅದಕ್ಕೇ ಕಾಯುತ್ತಿದ್ದವನು. ನಮ್ಮ ಹಂಚು ಗಾಡಿ ಏರುವಾಗಲೇ ಬೇಕರಿಯವರು ಅಳತೆ ಟೇಪು ಹಿಡಿದು ಒಳಗೆ ಬಂದರು. ಬಾಗಿಲ ಮೇಲಿನ ಶಿರಸಿ ಪ್ರತ್ಯೇಕ ಗಾಡಿಯಲ್ಲಿ ಹೊರಟಿತು. ಕಾಕಾ ಅದರ ಮೇಲೆ ಕೊಡೆ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ. ಪೇಟೆಯವರೆಲ್ಲ ಅಂಗಡಿಯ ಮೆಟ್ಟಿಲಿಗೆ ಬಂದು ನೋಡಿದರು. ಶೇಟರು ಕೈ ಬೀಸಿದರು. ಹಲಗೆಯ ಮೇಲೆ ಜಾಗ ಕೇಳಿದವರಲ್ಲಿ ಒಬ್ಬನೂ ಕೂತಲ್ಲಿಂದ ಕದಲಲಿಲ್ಲ.

ಬೋಳುಗುಡ್ಡದಲ್ಲಿ ಗಾಳಿಗೆ ಒಲೆ ನಿಲ್ಲುತ್ತಿರಲಿಲ್ಲ. ತಗಡಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ, ಮಾತಾಡಲು ಪಕ್ಕದಲ್ಲಿ ಯಾರೂ ಇರಲಿಲ್ಲ ಅನ್ನಿ. ಮೊದಲ ದಿನ ಅವ್ವ ಎಂದಿನಷ್ಟೇ ಹಿಟ್ಟು ನಾದಿದಳು. ಮರುದಿನ ಅರ್ಧ. ಜನ ಬರುತ್ತಿರಲಿಲ್ಲವೆಂದಲ್ಲ. ಭಾನುವಾರ ಬರುತ್ತಿದ್ದರು, ಮಕ್ಕಳು ಮರಿ ಕಟ್ಟಿಕೊಂಡು, ರೈಲು ನೋಡಲು. ಕಾಕಾ ಬಲ್ಬು ಹಚ್ಚಿ ತೋರಿಸುತ್ತಿದ್ದ.

"ಉಂಡು ನೋಡ್ರಿ, ಬಿಸಿ ರೊಟ್ಟಿ ಅದಾವು" ಎಂದು ಅವ್ವ ಕರೆಯುತ್ತಿದ್ದಳು.

"ಬ್ಯಾಡವ್ವ, ಬಸ್ ಸ್ಟ್ಯಾಂಡಿನಾಗ ತಿಂದs ಬಂದ್ವಿ" ಎನ್ನುತ್ತಿದ್ದರು. ಬೇಕರಿಯ ಪಪ್ಸಿನ ಚೂರು ಇನ್ನೂ ಮೀಸೆಯ ಮೇಲೆ ಇರುತ್ತಿತ್ತು. ನೀರು ಕುಡಿದು, ಚಂದ ಐತಿ ಅಂದು, ಇಳಿದು ಹೋಗುತ್ತಿದ್ದರು. ಅವ್ವ ಕೇಳಿದ್ದನ್ನು ಇನ್ನೊಮ್ಮೆ ಕೇಳುತ್ತಿರಲಿಲ್ಲ.

ಶ್ರಾವಣದ ಒಂದು ದಿನ ಶಾಲೆಯಿಂದ ಬಂದಾಗ ಅಪ್ಪ, ಕಾಕಾ ಇಬ್ಬರೂ ಇರಲಿಲ್ಲ. ಒಲೆಯಲ್ಲಿ ಬೆಂಕಿ ಸಣ್ಣಗಿತ್ತು. ಅವ್ವ ಬಾಗಿಲಿನ ಮೇಲೆ ಬಗ್ಗಿ ಕೂತಿದ್ದಳು. ಎಂದೂ ಆ ಕಡೆ ಮುಖ ಹಾಕದವಳು. ಅವಳ ಎಡಗೈಯಲ್ಲಿ ಜೋಳದ ಹಿಟ್ಟಿನ ಮುದ್ದೆ. ಅದರಿಂದ ಜೋಳದ ಕಾಳಿನಷ್ಟು ಚಿವುಟಿ, ಬೆರಳಲ್ಲಿ ತೀಡಿ, ತಲೆ ಮಾಡಿ, ಬಗ್ಗಿಸಿ ಕೂರಿಸುತ್ತಿದ್ದಳು. ಬಸ್ ಸ್ಟ್ಯಾಂಡಿನ ಎದುರಿನ ನಮ್ಮ ಸಣ್ಣ ಖಾನಾವಳಿಯ ಮಾಡು ತೆಗೆದು ಪಕ್ಕಕ್ಕಿಟ್ಟಿದ್ದಳು. ಒಳಗೆ ಮೇಜುಗಳ ಮುಂದೆ ಹಿಟ್ಟಿನ ಗಿರಾಕಿಗಳು ಸಾಲಾಗಿ ಕೂತಿದ್ದರು.

ನಾನು ಹತ್ತಿರ ಹೋದೆ. ನಾಚಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ತಲೆ ಎತ್ತದೆ ಅಂದಳು:

"ಇವ ಕಂಡಕ್ಟರ್. ಕುತಿಗಿ ಉದ್ದ ಆತು, ಇರಲಿ. ಈ ಕಡೆದವ ಕೋರ್ಟಿನ ಗುಮಾಸ್ತ, ಉಪ್ಪಿನಕಾಯಿ ಕೇಳಾಕ ನಾಚತಾನ. ಇಲ್ಲೊಬ್ಬಾಕಿ ಇದ್ಲು ನೋಡು, ನರ್ಸಬಾಯಿ. ಆಕಿಗೆ ಕಾಲು ನೋಯತಿದ್ವು, ಗ್ವಾಡಿ ಕಡೆ ಕುಂದ್ರತಿದ್ಲು." ನರ್ಸಬಾಯಿಯನ್ನು ಗೋಡೆಯ ಕಡೆ ಒರಗಿಸಿದಳು. ಅವ್ವ ಉಸಿರು ಬಿಗಿಹಿಡಿದಿದ್ದಳು. ಅವಳ ದಪ್ಪ, ಸುಟ್ಟ ಬೆರಳುಗಳು ಅಷ್ಟು ಸಣ್ಣದನ್ನು ಮುಟ್ಟಬಲ್ಲವು ಎಂದು ನಾನು ತಿಳಿದಿರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಇರುವೆಗಳು ಗಿರಾಕಿಗಳನ್ನೆಲ್ಲ ಹೊತ್ತುಕೊಂಡು ಸಾಲಾಗಿ ಪೇಟೆ ಬೀದಿ ದಾಟಿ ಹೋಗುತ್ತಿದ್ದವು. ಅವ್ವ ನೋಡಿದಳು. ಸೀಮೆಎಣ್ಣೆ ಹಾಕಲಿಲ್ಲ, ಬಯ್ಯಲಿಲ್ಲ. ಪಕ್ಕಕ್ಕಿಟ್ಟಿದ್ದ ಮಾಡನ್ನು ಎತ್ತಿ ಮತ್ತೆ ಅದರ ಜಾಗಕ್ಕೆ ಇಟ್ಟಳು.

ದೀಪಾವಳಿಯೊಳಗೆ ಶೆಡ್ಡು ಮುಚ್ಚಿತು. ಕಾಕಾ ಯಲ್ಲಾಪುರಕ್ಕೆ ಹೋಗಿ ದೇವರ ಫೋಟೋಗಳಿಗೆ ಫ್ರೇಮು ಹಾಕುವ ಅಂಗಡಿ ಇಟ್ಟ. ಹಲಗೆಯನ್ನು ಜೊತೆಗೆ ಒಯ್ದ, ಅಲ್ಲಿ ಅದರ ಮೇಲೆ ಗಾಜು ಕತ್ತರಿಸುತ್ತಿದ್ದನಂತೆ. ಅಪ್ಪ ಒಂದು ಅಡಿಕೆ ಮಂಡಿಯಲ್ಲಿ ತೂಕ ಬರೆಯಲು ಹೋದ. ರೈಲು ಬರುವ ತನಕ ಎಂದು ಹೇಳಿಕೊಂಡೇ ಹೋದ. ಅವ್ವನಿಗೆ ಹುಡುಗರ ಹಾಸ್ಟೆಲಿನ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಅಲ್ಲಿ ಅಡಿಗೆಮನೆಗೂ ಊಟದ ಹಾಲಿಗೂ ನಡುವೆ ಗೋಡೆ. ಗೋಡೆಯಲ್ಲಿ ಒಂದು ಕಿಂಡಿ, ರೊಟ್ಟಿಯ ಬುಟ್ಟಿ ಹೋಗುವಷ್ಟು. ಅವ್ವ ಈ ಕಡೆ ಬಡಿಯುತ್ತಿದ್ದಳು, ಆ ಕಡೆ ಯಾರೋ ತಿನ್ನುತ್ತಿದ್ದರು. ತೀರಿಕೊಳ್ಳುವ ಹಿಂದಿನ ವರ್ಷದವರೆಗೂ ಹೋದಳು. ಅವಳು ಯಾರನ್ನಾದರೂ ಬಯ್ದದ್ದನ್ನು ನಾನು ಆಮೇಲೆ ಕೇಳಲಿಲ್ಲ. ಹಾಸ್ಟೆಲಿನ ವಾರ್ಡನ್ನು ಮನೆಗೆ ಬಂದಾಗ ಹೇಳಿದ್ದರು, "ನಿಮ್ಮ ತಾಯಿ ಅಗದಿ ಸೌಮ್ಯ ಸ್ವಭಾವದವರು" ಎಂದು. ಅಪ್ಪ ಹೌದೌದು ಅಂದ. ನಾನು ಯಾವ ಅವ್ವನ ಮಾತು ಇದು ಎಂದು ಒಳಗೆ ನೋಡಿದೆ.

ರೈಲು ಇನ್ನೂ ಬಂದಿಲ್ಲ. ಈಗಲೂ ಚುನಾವಣೆಗೆ ಬರುತ್ತದೆ, ಈಗ ಫೋನಿನಲ್ಲಿ ನಕಾಶೆಯ ಸಮೇತ. ಆದರೆ ಊರು ತನ್ನಷ್ಟಕ್ಕೆ ಬೆಳೆದು ಬೋಳುಗುಡ್ಡವನ್ನು ಹತ್ತಿ ಇಳಿದಿದೆ. ಶೆಡ್ಡಿದ್ದ ಕಡೆ ಹೊಸ ಬಡಾವಣೆ, ಪೆಟ್ರೋಲ್ ಬಂಕು, ಗಾಜಿನ ಬಾಗಿಲಿನ ಹೋಟೆಲು. "ನಿಮ್ಮ ತಂದೀಗೆ ದೂರದೃಷ್ಟಿ ಇತ್ತು ಬಿಡ್ರಿ" ಎಂದು ಶೇಟರ ಮಗ ಮೊನ್ನೆ ಶಿರಸಿ ಪೇಟೆಯಲ್ಲಿ ಸಿಕ್ಕಾಗ ಅಂದ. ಅವನು ಆ ಬಡಾವಣೆಯಲ್ಲಿ ಎರಡು ಸೈಟು ತೆಗೆದಿದ್ದಾನೆ. ನಾನು ನಕ್ಕೆ. ಇಂಥವರಿಗೆ ನಗುವುದರಲ್ಲಿ ನನಗೆ ಒಳ್ಳೆಯ ರೂಢಿಯಿದೆ.

ಅದೇ ದಿನ ಆ ಹೋಟೆಲಿಗೆ ಹೋದೆ. ಯಾಕೆ ಹೋದೆನೋ. ಉತ್ತರ ಕರ್ನಾಟಕ ಥಾಲಿ ಎಂದು ಬರೆದಿತ್ತು. ಏಳೆಂಟು ಬಟ್ಟಲಿನ ತಟ್ಟೆ ಬಂತು, ನಡುವೆ ಎರಡು ರೊಟ್ಟಿ. ರೊಟ್ಟಿ ಕೆಟ್ಟದ್ದೇನೂ ಇರಲಿಲ್ಲ. ಅಂಚು ತೆಳ್ಳಗಿತ್ತು, ಮೇಲೆ ಬೆರಳಿನ ಗುರುತು ಮೂಡಿತ್ತು, ಯಂತ್ರದ್ದಲ್ಲ, ಯಾರೋ ಕೈಯಲ್ಲಿ ಬಡಿದದ್ದು. ಎರಡೂ ಮುಗಿಸಿ ತಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತೆ. ಹುಡುಗರು ಆ ಮೇಜಿನಿಂದ ಈ ಮೇಜಿಗೆ ಓಡಾಡುತ್ತಿದ್ದರು. ಅವ್ವನಿದ್ದರೆ ಇಷ್ಟು ಹೊತ್ತಿಗೆ ಮೂರನೆಯದು ಬಿದ್ದು, ನನ್ನ ಯಜಮಾನರ ಬಿ.ಪಿ.ಯ ವಿಷಯವೂ ಹೊರಗೆ ಬಂದಿರುತ್ತಿತ್ತು.

ರೊಟ್ಟಿ ಬಡಿದಾಕೆಯನ್ನು ನೋಡಿ ಒಂದು ಮಾತು ಹೇಳಿ ಹೋಗೋಣ ಎಂದು ಎದ್ದು ಹಿಂದಿನ ಬಾಗಿಲಿನ ಕಡೆ ನಡೆದೆ. ಒಬ್ಬ ಹುಡುಗ ಅಡ್ಡ ಬಂದ.

"ಮೇಡಂ, ಆ ಕಡಿ ಬಿಡಂಗಿಲ್ರಿ. ಏನ್ ಬೇಕಿತ್ರಿ?"

"ಏನಿಲ್ಲಪ್ಪ. ರೊಟ್ಟಿ ಯಾರು ಮಾಡತಾರ?"

ಹುಡುಗ ತಿರುಗಿ ನೋಡಿ, ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದ.

"ಒಳಗ ಯಾರೋ ಒಬ್ರು ಅದಾರ್ರಿ" ಅಂದ.